ಸಾಧು ಬ್ಯಾಕ್ಟೀರಿಯಾ ಹೊತ್ತ ಲಸಿಕೆ

1921ರಲ್ಲಿ ಪ್ಯಾರಿಸಿನ ಶಾರಿತೆ ಆಸ್ಪತ್ರೆಯಲ್ಲಿ ಒಂದು ಹಸುಗೂಸಿಗೆ ಕ್ಷಯದ ಲಸಿಕೆಯನ್ನು ಬಾಯಿಗೆ ಹಾಕಿದರು. ಹೆತ್ತ ತಾಯಿ ಕ್ಷಯದಿಂದಲೇ ತೀರಿಕೊಂಡಿದ್ದಳು, ಸಾಕಬೇಕಾದ ಅಜ್ಜಿಗೂ ಅದೇ ರೋಗ ತಗುಲಿತ್ತು. ಲಸಿಕೆಯಲ್ಲಿದ್ದದ್ದು ಜೀವಂತ ಬ್ಯಾಕ್ಟೀರಿಯಾ. ಆಲ್ಬೆರ್ ಕಾಲ್ಮೆಟ್ ಮತ್ತು ಕಾಮಿಲ್ ಗೆರಾಂ ದನದ ಕ್ಷಯಾಣುವನ್ನು 1908ರಿಂದ ಹದಿಮೂರು ವರ್ಷ ಕಾಲ, ಪಿತ್ತರಸ ಸೇರಿಸಿದ ಆಲೂಗಡ್ಡೆಯ ಮೇಲೆ 230 ಸಲ ಒಂದರಿಂದ ಇನ್ನೊಂದಕ್ಕೆ ದಾಟಿಸುತ್ತ ಪಳಗಿಸಿದ್ದರು. ಈ ಲಸಿಕೆಯೇ ಬಿಸಿಜಿ. ಅದರ ಹೆಸರೆತ್ತಿದರೆ ಇಂದು ಎಡತೋಳಿನ ಗುರುತು ನೆನಪಾಗುತ್ತದೆ. ಹುಟ್ಟಿದ್ದು ಮಾತ್ರ ಕುಡಿಸುವ ಲಸಿಕೆಯಾಗಿ. ಒಂಬತ್ತು ವರ್ಷ ಕಳೆಯುವಷ್ಟರಲ್ಲಿ, ಜರ್ಮನಿಯ ಲ್ಯೂಬೆಕ್ ಪಟ್ಟಣದಲ್ಲಿ ಸುಮಾರು 250 ನವಜಾತ ಶಿಶುಗಳಿಗೆ ಕುಡಿಸಿದ ಬಿಸಿಜಿಯಲ್ಲಿ ಪ್ರಯೋಗಾಲಯದಲ್ಲೇ ಇದ್ದ ರೋಗಕಾರಕ ಕ್ಷಯಾಣು ಬೆರೆತುಹೋಯಿತು. 70ಕ್ಕೂ ಹೆಚ್ಚು ಕೂಸುಗಳು ಸತ್ತವು. ವಿಚಾರಣೆ ನಡೆದು ಹೊಣೆಗಾರ ವೈದ್ಯರಿಗೆ ಶಿಕ್ಷೆಯಾಯಿತು. ತಪ್ಪು ಕಾಲ್ಮೆಟ್ ಅವರ ತಳಿಯದಲ್ಲ ಎಂದೂ ತೀರ್ಮಾನವಾಯಿತು. ಆದರೆ ಮಕ್ಕಳ ಬಾಯಿಗೆ ಜೀವಂತ ರೋಗಾಣುವಿನ ಬಂಧುವನ್ನು ಹಾಕುವ ಕೆಲಸಕ್ಕೆ ಅಂಟಿದ ಭಯ ಆ ತೀರ್ಪಿನಿಂದ ಹೋಗಲಿಲ್ಲ.

ಬಾಯಿಯ ಲಸಿಕೆಯ ಮುಂದಿನ ಚರಿತ್ರೆಯನ್ನು ಓದುವಾಗ ಒಂದೇ ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ: ಹೊಟ್ಟೆಯ ಆಮ್ಲವನ್ನೂ ಕರುಳಿನ ಕಿಣ್ವಗಳನ್ನೂ ದಾಟಿಸಿ ಲಸಿಕೆಯನ್ನು ಒಯ್ಯುವವರು ಯಾರು? ರೋಗಾಣುವನ್ನೇ ಪಳಗಿಸಿ ಅದರ ಮೇಲೆ ಹೊರೆ ಹೊರಿಸುವುದು ಒಂದು ದಾರಿ. ಹುಟ್ಟಿನಿಂದಲೇ ಸಾಧುವಾದ, ನಾವು ದಿನವೂ ತಿನ್ನುವ ಬ್ಯಾಕ್ಟೀರಿಯಾಕ್ಕೆ ಆ ಕೆಲಸ ಕೊಡುವುದು ಇನ್ನೊಂದು. ವಿಜ್ಞಾನಿಗಳು ಮೊದಲ ದಾರಿಯಲ್ಲಿ ಸಾಕಷ್ಟು ದೂರ ನಡೆದು, ದಣಿದು, 1990ರ ದಶಕದಲ್ಲಿ ಎರಡನೆಯದಕ್ಕೆ ಹೊರಳಿದರು. ಈ ಹೊರಳುವಿಕೆಯನ್ನು ಅಪಾಯದಿಂದ ಸುರಕ್ಷತೆಯತ್ತ ನಡೆದ ನೇರ ಪ್ರಗತಿಯೆಂದು ಹೇಳುವ ವಾಡಿಕೆಯಿದೆ. ಅದಕ್ಕೆ ನನ್ನ ಒಪ್ಪಿಗೆಯಿಲ್ಲ. ಸಾಧು ಬ್ಯಾಕ್ಟೀರಿಯಾವನ್ನು ಆರಿಸಿಕೊಳ್ಳಲು ಕಾರಣವಾದ ಗುಣವೇ, ಅಂದರೆ ಕರುಳು ಅದನ್ನು ಕಂಡು ಬೆಚ್ಚದಿರುವುದೇ, ಲಸಿಕೆಯಾಗಿ ಅದರ ಕೈಕಟ್ಟಿತು. ಅದೇ ಗುಣ ಅದನ್ನು ಯಾರೂ ಎಣಿಸದಿದ್ದ ಬೇರೊಂದು ಚಿಕಿತ್ಸೆಗೆ ಹೇಳಿ ಮಾಡಿಸಿದ ಸಾಧನವನ್ನಾಗಿಯೂ ಮಾಡಿತು.

ವಿಚಿತ್ರವೆಂದರೆ ಎರಡೂ ದಾರಿಗಳ ಬೀಜ ಒಂದೇ ಮನೆಯಲ್ಲಿ, ಪ್ಯಾರಿಸಿನ ಪಾಶ್ಚರ್ ಸಂಸ್ಥೆಯಲ್ಲಿ ಇತ್ತು. 1905ರಲ್ಲಿ ಸ್ಟಾಮೆನ್ ಗ್ರಿಗೊರೊವ್ ಎಂಬ ಬಲ್ಗೇರಿಯಾದ ಯುವಕ ಜಿನೀವಾದಲ್ಲಿ ತಮ್ಮ ನಾಡಿನ ಮೊಸರಿನಿಂದ ಒಂದು ದಂಡಾಣುವನ್ನು ಬೇರ್ಪಡಿಸಿ ತೋರಿಸಿದ್ದರು. ಪಾಶ್ಚರ್ ಸಂಸ್ಥೆಯ ಇಲ್ಯಾ ಮೆಚ್ನಿಕಾಫ್ ಅದನ್ನು ಕೈಗೆತ್ತಿಕೊಂಡು, ಮೊಸರಿನ ಬ್ಯಾಕ್ಟೀರಿಯಾ ಕರುಳಿನ ಕೊಳೆತವನ್ನು ತಡೆದು ಆಯುಸ್ಸನ್ನು ಹೆಚ್ಚಿಸುತ್ತದೆಂದು ವಾದಿಸಿದರು. ದೇಹದ ರಕ್ಷಣಾ ಕಣಗಳ ಕುರಿತ ಸಂಶೋಧನೆಗೆ 1908ರ ನೊಬೆಲ್ ಪಡೆದವರು ಅವರು. ಮೊಸರಿನ ಮಾತಿಗೆ ಜಗತ್ತು ಕಿವಿಗೊಟ್ಟದ್ದು ಸಹಜ. ಅವರ ಶಿಷ್ಯ ಅಲೆಕ್ಸಾಂದ್ರ್ ಬೆಸ್ರೆಡ್ಕಾ ಅದೇ ಸಂಸ್ಥೆಯಲ್ಲಿ ಬೇರೆ ಜಾಡು ಹಿಡಿದರು. ರೋಗ ಯಾವ ಅಂಗದಿಂದ ಒಳನುಗ್ಗುತ್ತದೋ ಆ ಅಂಗವನ್ನೇ ಕಾವಲಿಗೆ ತಯಾರು ಮಾಡಬೇಕು, ಕರುಳಿನ ರೋಗಕ್ಕೆ ಕರುಳಿಗೇ ಲಸಿಕೆ ಮುಟ್ಟಿಸಬೇಕು ಎಂಬುದು ಅವರ ಸಿದ್ಧಾಂತ. ಲೋಳೆಯ ಪದರವನ್ನು ತೆಳುವಾಗಿಸಲು ಮೊದಲು ಪಿತ್ತ ಕೊಟ್ಟು, ಆಮೇಲೆ ಸತ್ತ ರೋಗಾಣುಗಳನ್ನು ನುಂಗಿಸುವ ಪದ್ಧತಿಯನ್ನು ರೂಪಿಸಿದರು. ಗುರುವಿನ ಸಾಧು ಬ್ಯಾಕ್ಟೀರಿಯಾವನ್ನೂ ಶಿಷ್ಯನ ಬಾಯಿ ಲಸಿಕೆಯನ್ನೂ ಒಂದುಗೂಡಿಸುವ ಯೋಚನೆ ಆಗ ಬರುವಂತಿರಲಿಲ್ಲ. ಒಂದು ಜೀವಿಯ ಜೀನನ್ನು ಇನ್ನೊಂದರೊಳಗೆ ಕೂರಿಸುವ ವಿದ್ಯೆಗೆ ಇನ್ನೂ ಅರ್ಧ ಶತಮಾನ ಕಾಯಬೇಕಿತ್ತು.

ಅದೇ ಕಾಲಕ್ಕೆ ಅಮೆರಿಕದಲ್ಲಿ ನಡೆದ ಒಂದು ಪ್ರಯೋಗ, ಈ ಕತೆಯ ತಿರುವನ್ನು ಮುಂಚೆಯೇ ಹೇಳುವಂತಿದ್ದರೂ, ಲಸಿಕೆಯವರ ಕಣ್ಣಿಗೆ ಬೀಳಲಿಲ್ಲ. ಗಿನಿಯಿಲಿಗೆ ಕೋಳಿಮೊಟ್ಟೆಯ ಪ್ರೋಟೀನನ್ನು ಒಮ್ಮೆ ಚುಚ್ಚಿ, ಕೆಲವು ವಾರ ಬಿಟ್ಟು ಮತ್ತೆ ಚುಚ್ಚಿದರೆ ಅದು ತೀವ್ರ ಆಘಾತಕ್ಕೆ ಒಳಗಾಗುತ್ತದೆ. 1911ರಲ್ಲಿ ಗಿಡಿಯನ್ ವೆಲ್ಸ್ ಅದೇ ಪ್ರೋಟೀನನ್ನು ಗಿನಿಯಿಲಿಗಳಿಗೆ ಮೊದಲೇ ತಿನ್ನಿಸಿ ನೋಡಿದರು. ತಿಂದು ರೂಢಿಯಾದ ಪ್ರಾಣಿಗಳಿಗೆ ಆಘಾತವಾಗಲಿಲ್ಲ. ಬಾಯಿಂದ ಬಂದದ್ದನ್ನು ದೇಹ ತನ್ನದೆಂದು ಸಹಿಸಿಕೊಳ್ಳುತ್ತದೆ. ಇದು ಇರಲೇಬೇಕಾದ ಏರ್ಪಾಡು. ಇಲ್ಲದಿದ್ದರೆ ಪ್ರತಿ ಊಟವೂ ಒಂದು ಯುದ್ಧವಾಗುತ್ತಿತ್ತು. ಆದರೆ ಬಾಯಿಯ ಮೂಲಕ ರೋಗನಿರೋಧ ಕಲಿಸಹೊರಟವರಿಗೆ ಇದೇ ಅತಿ ದೊಡ್ಡ ಅಡ್ಡಿ. 1960ರ ದಶಕದಲ್ಲಿ ಥಾಮಸ್ ತೊಮಾಸಿ ಮೊದಲಾದವರು ಲಾಲಾರಸ, ಕಣ್ಣೀರು, ಎದೆಹಾಲುಗಳಲ್ಲಿ ಸ್ರವಿಸುವ ವಿಶೇಷ ಪ್ರತಿಕಾಯವನ್ನು, ಐಜಿಎ ಎಂಬುದನ್ನು, ಗುರುತಿಸಿದರು. 1974ರಲ್ಲಿ ರಾಬರ್ಟ್ ಓವನ್ ಮತ್ತು ಸಹೋದ್ಯೋಗಿಗಳು ಕರುಳಿನ ಗೋಡೆಯಲ್ಲಿ ಎಂ-ಕೋಶಗಳೆಂಬ ಚಿಕ್ಕ ಕಿಂಡಿಗಳನ್ನು ವಿವರಿಸಿದರು. ಕರುಳಲ್ಲಿರುವುದನ್ನು ಹೆಕ್ಕಿ ಒಳಗಿನ ರಕ್ಷಣಾ ಕೋಶಗಳಿಗೆ ಒಪ್ಪಿಸುವುದು ಈ ಕೋಶಗಳ ಕೆಲಸ. ಟೈಫಾಯ್ಡ್ ಬಳಗದ ಸಾಲ್ಮೊನೆಲ್ಲಾ ಒಳನುಗ್ಗಲು ಬಳಸುವುದೂ ಇದೇ ಕಿಂಡಿಯನ್ನು. ಬೆಸ್ರೆಡ್ಕಾ ಅವರ ಊಹೆಗೆ ಕೊನೆಗೂ ಅಂಗರಚನೆಯ ಆಧಾರ ದೊರೆತಿತ್ತು. ಕರುಳಿಗೆ ತನ್ನದೇ ಸೈನ್ಯವಿದೆ, ಆದರೆ ಅದನ್ನು ಎಬ್ಬಿಸಲು ಗೋಡೆ ದಾಟುವ ಚಾಳಿಯ ಯಾರಾದರೂ ಬೇಕು ಎಂಬ ತಿಳಿವಳಿಕೆ ಬೆಳೆಯಿತು. ರೋಗಾಣುವನ್ನೇ ವಾಹಕವಾಗಿ ಆರಿಸಿದವರ ತರ್ಕ ಇದು, ಮತ್ತು ಅದು ಗಟ್ಟಿಯಾದ ತರ್ಕ.

ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ರೆನೆ ಜರ್ಮನಿಯೆ ಮತ್ತು ಫ್ಯೂರರ್ 1975ರಲ್ಲಿ ಟಿವೈ21ಎ ಎಂಬ ಟೈಫಾಯ್ಡ್ ತಳಿಯನ್ನು ಪ್ರಕಟಿಸಿದರು. ರಾಸಾಯನಿಕದಿಂದ ಜೀನುಗಳನ್ನು ಕೆಡಿಸಿ, ಗ್ಯಾಲಕ್ಟೋಸ್ ಸಕ್ಕರೆಯನ್ನು ಅರಗಿಸಿಕೊಳ್ಳುವ ಒಂದು ಕಿಣ್ವ ಇಲ್ಲದಂತೆ ಮಾಡಿದ ತಳಿ ಅದು. ಆ ಸಕ್ಕರೆ ಒಳಗೆ ತುಂಬಿಕೊಂಡು ಬ್ಯಾಕ್ಟೀರಿಯಾ ಒಡೆದು ಸಾಯುತ್ತದೆ ಎಂಬುದು ಲೆಕ್ಕಾಚಾರ. 1978ರಿಂದ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ಸುಮಾರು 32,000 ಶಾಲಾ ಮಕ್ಕಳ ನಡುವೆ ನಡೆದ ಪ್ರಯೋಗದಲ್ಲಿ ಲಸಿಕೆ ಮೂರು ವರ್ಷ ಶೇ. 96ರಷ್ಟು ರಕ್ಷಣೆ ಕೊಟ್ಟಿತು. ಮುಂದೆ ಚಿಲಿಯ ಸಾಂತಿಯಾಗೊದಲ್ಲಿ ಮೈರನ್ ಲೆವಿನ್ ಅವರ ತಂಡ ಕ್ಯಾಪ್ಸೂಲ್ ರೂಪದಲ್ಲಿ ಕೊಟ್ಟಾಗ ರಕ್ಷಣೆ ಶೇ. 67ಕ್ಕೆ ಇಳಿಯಿತು. ಹಾಗಿದ್ದರೂ ಅದು ಕೆಲಸ ಮಾಡುವ, ಸುರಕ್ಷಿತವಾದ ಲಸಿಕೆ. 1989ರಲ್ಲಿ ಅಮೆರಿಕದಲ್ಲೂ ಅನುಮತಿ ಪಡೆಯಿತು. ಅದಕ್ಕೂ ಮುಂಚೆಯೇ, ಅದರ ಆರಂಭದ ಯಶಸ್ಸು ವಾಹಕದ ಕಲ್ಪನೆಗೆ ಜನ್ಮ ಕೊಟ್ಟಿತ್ತು. ಅಮೆರಿಕದ ವಾಲ್ಟರ್ ರೀಡ್ ಸೇನಾ ಸಂಸ್ಥೆಯ ಸ್ಯಾಮ್ಯುಯೆಲ್ ಫಾರ್ಮಲ್ ಮತ್ತು ಸಂಗಡಿಗರು 1981ರಲ್ಲಿ ಟಿವೈ21ಎ ಒಳಗೆ ರಕ್ತಭೇದಿ ತರುವ ಶಿಗೆಲ್ಲಾ ಸೊನ್ನೆಯ ಹೊರಕವಚದ ಜೀನುಗಳನ್ನು ಸೇರಿಸಿದರು. ಒಂದೇ ಗುಟುಕಿನಲ್ಲಿ ಎರಡು ರೋಗಗಳಿಗೆ ತಡೆ. ಸ್ವಯಂಸೇವಕರಲ್ಲಿ ಪರೀಕ್ಷಿಸಿದಾಗ ಕೆಲವು ತಯಾರಿಕೆಗಳು ರಕ್ಷಿಸಿದವು, ಕೆಲವು ರಕ್ಷಿಸಲಿಲ್ಲ. ಒಂದು ಕಂತಿನಂತೆ ಇನ್ನೊಂದು ಕಂತು ಇರದಿದ್ದರೆ ಅದನ್ನು ಲಸಿಕೆಯೆಂದು ಮಾರಲಾಗುವುದಿಲ್ಲ. ಕೆಲಸ ಅಲ್ಲಿಗೆ ನಿಂತಿತು.

ಇಲ್ಲಿ ವಿದ್ವಾಂಸರ ನಡುವಿನ ಒಂದು ತಕರಾರನ್ನು ಹೇಳಲೇಬೇಕು, ಏಕೆಂದರೆ ಮುಂದಿನ ಹೊರಳುವಿಕೆಗೆ ಅದು ಕಾರಣ. ಟಿವೈ21ಎ ಸಾಧುವಾದದ್ದು ಗ್ಯಾಲಕ್ಟೋಸ್ ಕಿಣ್ವದ ಕೊರತೆಯಿಂದ ಎಂದು ಎಲ್ಲರೂ ನಂಬಿದ್ದರು. ಅದೇ ಕೊರತೆಯನ್ನು, ಜತೆಗೆ ಹೊರಕವಚದ ಇನ್ನೊಂದು ಲೋಪವನ್ನು, ಅಚ್ಚುಕಟ್ಟಾಗಿ ಜೀನ್ ತಂತ್ರದಿಂದ ಮಾಡಿದ ತಳಿಯೊಂದನ್ನು ಸ್ವಯಂಸೇವಕರಿಗೆ ಕುಡಿಸಿದಾಗ ಅವರಲ್ಲಿ ಟೈಫಾಯ್ಡಿನಂಥ ಜ್ವರ ಕಾಣಿಸಿಕೊಂಡಿತು. 1988ರಲ್ಲಿ ಅದು ಪ್ರಕಟವಾಯಿತು. ಜರ್ಮನಿಯೆ ಬಳಸಿದ ರಾಸಾಯನಿಕ ಬೇರೆ ಎಷ್ಟೋ ಜೀನುಗಳನ್ನು ಕೆಡಿಸಿತ್ತು; ತಳಿಯನ್ನು ಸಾಧುವಾಗಿಸಿದ್ದು ಅವೆಲ್ಲ ಸೇರಿ. ಲಕ್ಷಾಂತರ ಮಂದಿಗೆ ಕೊಟ್ಟ ಲಸಿಕೆ ಸುರಕ್ಷಿತವಾಗಿತ್ತು, ಆದರೆ ಏಕೆ ಸುರಕ್ಷಿತ ಎಂಬುದಕ್ಕೆ ಕೊಟ್ಟಿದ್ದ ಉತ್ತರ ತಪ್ಪಾಗಿತ್ತು. ಹಾಗಾಗಿ ಒಂದೊಂದೇ ಜೀನನ್ನು ಗೊತ್ತಿದ್ದೇ ತೆಗೆದುಹಾಕುವ ಪಂಥ ಬಲವಾಯಿತು. ಸ್ಟ್ಯಾನ್‌ಫರ್ಡಿನ ಹೊಯ್ಸೆತ್ ಮತ್ತು ಸ್ಟಾಕರ್ 1981ರಲ್ಲೇ, ದೇಹದಲ್ಲಿ ಸಿಗದ ಪೋಷಕಾಂಶಕ್ಕೆ ಜೋತುಬಿದ್ದ ಸಾಲ್ಮೊನೆಲ್ಲಾ ತಳಿಯನ್ನು ರೂಪಿಸಿದ್ದರು. ಜೀನ್ ಬದಲಿಸುವ ಪ್ರಯೋಗಗಳ ಸುರಕ್ಷತೆಯನ್ನು ಚರ್ಚಿಸಿದ 1975ರ ಅಸಿಲೊಮಾರ್ ಸಭೆಯ ಬಳಿಕ ಪ್ರಯೋಗಾಲಯದ ಆಚೆ ಬದುಕಲಾರದ ಇ. ಕೋಲಿ ತಳಿಯನ್ನು ಕಟ್ಟಿ ಹೆಸರಾಗಿದ್ದ ರಾಯ್ ಕರ್ಟಿಸ್ 1987ರಲ್ಲಿ ಸಾಲ್ಮೊನೆಲ್ಲಾದಿಂದ ಎರಡು ನಿಯಂತ್ರಕ ಜೀನುಗಳನ್ನು ಕಿತ್ತುಹಾಕಿದರು. ಮೇರಿಲ್ಯಾಂಡಿನಲ್ಲಿ ಲೆವಿನ್ ಅವರ ಕೇಂದ್ರ ಅಂಥ ಟೈಫಾಯ್ಡ್ ತಳಿಗಳ ಮೇಲೆ ಮಲೇರಿಯಾ, ಧನುರ್ವಾಯುಗಳ ಪ್ರೋಟೀನುಗಳನ್ನು ಹೇರಿತು. ಇಲಿಗಳಲ್ಲಿ ಫಲಿತಾಂಶ ಬೆರಗುಗೊಳಿಸುವಂತಿತ್ತು. ಮನುಷ್ಯರಲ್ಲಿ, ಮಲೇರಿಯಾ ಹೊತ್ತ ತಳಿಗೆ ಕೆಲವೇ ಮಂದಿಯ ದೇಹ ಸ್ಪಂದಿಸಿತು. ಚೆನ್ನಾಗಿ ಪಳಗಿಸಿದ ತಳಿ ಕರುಳನ್ನು ಎಬ್ಬಿಸುವುದಿಲ್ಲ, ಎಬ್ಬಿಸಬಲ್ಲ ತಳಿ ಜ್ವರ ತರುತ್ತದೆ. ಈ ಎರಡರ ನಡುವಿನ ಹಾದಿ ತೀರಾ ಇಕ್ಕಟ್ಟಾಗಿತ್ತು.

ಎರಡನೆಯ ದಾರಿ ತೆರೆದುಕೊಂಡದ್ದು ಚೀಸ್ ಕಾರ್ಖಾನೆಗಳಿಗಾಗಿ ನಡೆದ ಸಂಶೋಧನೆಯಿಂದ. ಹಾಲನ್ನು ಹುಳಿಯಾಗಿಸುವ ಲ್ಯಾಕ್ಟೊಕಾಕಸ್ ಲ್ಯಾಕ್ಟಿಸ್ ನಮ್ಮ ಮನೆಯ ಹೆಪ್ಪಿನಲ್ಲೂ ಮಜ್ಜಿಗೆಯಲ್ಲೂ ಇರುವ ಜೀವಿ. 1870ರ ದಶಕದಲ್ಲಿ ಜೋಸೆಫ್ ಲಿಸ್ಟರ್ ಹಾಲಿನಿಂದ ಅದನ್ನು ಬೇರ್ಪಡಿಸಿದ್ದರು. ಶುದ್ಧ ರೂಪದಲ್ಲಿ ಬೆಳೆಸಿದ ಮೊತ್ತಮೊದಲ ಬ್ಯಾಕ್ಟೀರಿಯಾ ಅದೇ. ನೂರು ವರ್ಷದ ನಂತರ ಚೀಸ್ ತಯಾರಕರನ್ನು ಕಾಡುತ್ತಿದ್ದ ಸಮಸ್ಯೆಯೆಂದರೆ, ಒಳ್ಳೆಯ ಹೆಪ್ಪು ಇದ್ದಕ್ಕಿದ್ದಂತೆ ಹಾಲನ್ನು ಹುಳಿ ಮಾಡುವುದನ್ನೇ ನಿಲ್ಲಿಸಿಬಿಡುತ್ತಿತ್ತು. ಅಮೆರಿಕದ ಲ್ಯಾರಿ ಮೆಕೇ 1970ರ ದಶಕದಲ್ಲಿ ಕಾರಣ ತೋರಿಸಿದರು: ಹಾಲಿನ ಸಕ್ಕರೆಯನ್ನು ಅರಗಿಸುವ ಜೀನು ಪ್ಲಾಸ್ಮಿಡ್ ಎಂಬ ಕಳಚಿಹೋಗಬಲ್ಲ ಡಿಎನ್‌ಎ ಬಳೆಯ ಮೇಲೆ ಕೂತಿರುತ್ತದೆ, ಅದು ಕಳೆದರೆ ಗುಣವೂ ಕಳೆಯುತ್ತದೆ. 1983ರಲ್ಲಿ ಇಂಗ್ಲೆಂಡಿನ ಮೈಕ್ ಗ್ಯಾಸನ್ ಒಂದು ಚೀಸ್ ತಳಿಯಿಂದ ಪ್ಲಾಸ್ಮಿಡ್‌ಗಳನ್ನೆಲ್ಲ ತೆಗೆದು ಎಂಜಿ1363 ಎಂಬ ಬರಿಗೈ ತಳಿಯನ್ನು ಕೊಟ್ಟರು. ಮನುಷ್ಯ ಸಾವಿರಾರು ವರ್ಷ ತಿಂದು ಬಂದ ಬ್ಯಾಕ್ಟೀರಿಯಾ, ಬೇಕಾದ ಪ್ಲಾಸ್ಮಿಡ್ ಸೇರಿಸಲು ಖಾಲಿ ಜಾಗ, ಎರಡೂ ಒಟ್ಟಿಗೆ ಸಿಕ್ಕಿದ್ದವು. ಲಸಿಕೆಯ ಕನಸು ಕಾಣುವವರು ಅದರತ್ತ ತಿರುಗಲು ಇನ್ನೇನೂ ಬೇಕಿರಲಿಲ್ಲ.

1990ರಲ್ಲಿ ಜಪಾನಿನ ಒಂದು ತಂಡ ಹಲ್ಲು ಹುಳುಕು ಮಾಡುವ ಬ್ಯಾಕ್ಟೀರಿಯಾದ ಹೊರಪ್ರೋಟೀನನ್ನು ಈ ಹಾಲಿನ ಬ್ಯಾಕ್ಟೀರಿಯಾದಲ್ಲಿ ತಯಾರಿಸಿ, ಕೊಂದು, ಇಲಿಗಳಿಗೆ ತಿನ್ನಿಸಿತು. ಲಾಲಾರಸದಲ್ಲಿ ಪ್ರತಿಕಾಯ ಹುಟ್ಟಿತು. ಕೇಂಬ್ರಿಜ್‌ನಲ್ಲಿ ಜೆರ್ರಿ ವೆಲ್ಸ್ ಮತ್ತು ಲೆ ಪೇಜ್ ಧನುರ್ವಾಯು ವಿಷದ ನಿರಪಾಯಕಾರಿ ತುಣುಕನ್ನು, ‘ಸಿ ತುಣುಕು’ ಎಂದು ಕರೆಯುವುದನ್ನು, ಎಂಜಿ1363 ಹೇರಳವಾಗಿ ತಯಾರಿಸುವಂತೆ ಮಾಡಿದರು. 1993ರ ಅವರ ಪ್ರಬಂಧದಲ್ಲಿ ಬ್ಯಾಕ್ಟೀರಿಯಾವನ್ನು ಇಲಿಗಳಿಗೆ ಚುಚ್ಚಲಾಗಿತ್ತು. ಅವು ಮಾರಕ ಪ್ರಮಾಣದ ವಿಷವನ್ನು ತಾಳಿಕೊಂಡವು. 1997ರಲ್ಲಿ ಅದೇ ಗುಂಪು ಬಾಯಿಯ ಮೂಲಕ ಕೊಟ್ಟು, ರಕ್ತದಲ್ಲಿ ಪ್ರತಿಕಾಯವನ್ನೂ ಕರುಳಿನಲ್ಲಿ ಐಜಿಎಯನ್ನೂ ತೋರಿಸಿತು, ಇಲಿಗಳು ಬದುಕಿದವು. ಲ್ಯೂಬೆಕ್‌ನ ನೆನಪಿರುವ ಯಾರಿಗೇ ಆದರೂ ಈ ಫಲಿತಾಂಶದ ತೂಕ ತಿಳಿಯುತ್ತದೆ. ಮರಳಿ ರೋಗಾಣುವಾಗಿ ಬದಲಾಗುವ ಭಯವಿಲ್ಲ, ಏಕೆಂದರೆ ಅದು ಎಂದೂ ರೋಗಾಣುವಾಗಿರಲಿಲ್ಲ. ಸೂಜಿ ಬೇಡ, ತರಬೇತಿ ಪಡೆದ ಕೈಯೂ ಬೇಡ. ಬಡದೇಶಗಳ ಕೂಸುಗಳಿಗೆ ಹಾಲಿನ ಹನಿಯಷ್ಟು ಅಗ್ಗವಾಗಿ ಲಸಿಕೆ ಮುಟ್ಟಿಸಬಹುದೆಂಬ ಆಸೆ ಬರಿಯ ಭ್ರಮೆಯಾಗಿರಲಿಲ್ಲ. ಆ ದಶಕದ ವೈಜ್ಞಾನಿಕ ಬರಹಗಳಲ್ಲಿ ಅದು ಬಿಚ್ಚುಮನಸ್ಸಿನಿಂದ ವ್ಯಕ್ತವಾಗಿದೆ, ಮತ್ತು ಆ ಆಸೆಯನ್ನು ನಾನು ಗೌರವಿಸುತ್ತೇನೆ.

ಆದರೆ ಪ್ರಬಂಧಗಳನ್ನು ಹತ್ತಿರದಿಂದ ನೋಡಿದರೆ ತೊಂದರೆಯೂ ಅಲ್ಲೇ ಕಾಣುತ್ತದೆ. ಇಲಿಗೆ ಒಂದೆರಡು ಸಲವಲ್ಲ, ಕೋಟಿಗಟ್ಟಲೆ ಬ್ಯಾಕ್ಟೀರಿಯಾವನ್ನು ಹಲವು ದಿನ, ಮತ್ತೆ ಕೆಲ ವಾರ ಬಿಟ್ಟು ಹಲವು ದಿನ ಕೊಡಬೇಕಾಗುತ್ತಿತ್ತು. ಹಾಲಿನ ಬ್ಯಾಕ್ಟೀರಿಯಾ ಕರುಳಿನಲ್ಲಿ ನೆಲೆಸುವುದಿಲ್ಲ, ಗೋಡೆಗೆ ಅಂಟುವುದಿಲ್ಲ, ಎಂ-ಕೋಶವನ್ನು ಒಡೆದು ನುಗ್ಗುವುದಿಲ್ಲ, ಹಾದುಹೋಗುತ್ತದೆ ಅಷ್ಟೆ. ಹಾಗಾದರೆ ನೆಲೆಸಬಲ್ಲ ಬ್ಯಾಕ್ಟೀರಿಯಾ ಉತ್ತಮವೇ ಎಂಬ ವಾದ ಎದ್ದಿತು. ಫ್ರಾನ್ಸಿನ ಲೀಲ್‌ನಲ್ಲಿ ಆನಿಕ್ ಮೆರ್ಸೆನಿಯೆ, ಕೊರಿನ್ ಗ್ರಾಂಜೆಟ್ ಮುಂತಾದವರು ಕರುಳಲ್ಲಿ ಹೆಚ್ಚು ಕಾಲ ಉಳಿಯುವ ಲ್ಯಾಕ್ಟೊಬ್ಯಾಸಿಲಸ್ ಪ್ಲಾಂಟರಮ್‌ನ ಮೇಲೆ ಅದೇ ‘ಸಿ ತುಣುಕ’ನ್ನು ಹೊರಿಸಿದರು. ಒಂದು ಪಕ್ಷ ಉಳಿಯುವ ಕಾಲ ಮುಖ್ಯ ಎಂದಿತು, ಇನ್ನೊಂದು ಪಕ್ಷ ಪ್ರತಿಜನಕದ, ಅಂದರೆ ದೇಹ ಗುರುತಿಸಲು ಕಲಿಯಬೇಕಾದ ಪ್ರೋಟೀನಿನ, ಪ್ರಮಾಣವೂ ಅದು ಕೋಶದ ಒಳಗಿದೆಯೋ ಮೇಲಿದೆಯೋ ಎಂಬುದೂ ಮುಖ್ಯ ಎಂದಿತು. ಲೀಲ್‌ನವರೇ 2004ರಲ್ಲಿ ಕೋಶಭಿತ್ತಿ ದುರ್ಬಲವಾಗಿ ಸೋರುವ ತಳಿಗಳನ್ನು ಮಾಡಿ, ಒಳಗಿನ ಸರಕು ಸುಲಭವಾಗಿ ಹೊರಬಿದ್ದರೆ ಸ್ಪಂದನೆ ಹೆಚ್ಚುತ್ತದೆಂದು ತೋರಿಸಿದರು. ಎರಡೂ ವಾದದಲ್ಲಿ ಹುರುಳಿದೆ. ಆದರೆ ಇವೆರಡೂ ಸುತ್ತಿದ್ದು ಸರಕಿನ ಸುತ್ತ. ಸರಕನ್ನು ತಂದವನ ಬಗ್ಗೆ ಕರುಳಿಗೆ ಇರುವ ಅಭಿಪ್ರಾಯವನ್ನು ಯಾರೂ ಮುಂದೆ ತರಲಿಲ್ಲ.

ಅದನ್ನು ಮುಂದೆ ತಂದ ಕೆಲಸ ಬೆಲ್ಜಿಯಂನ ಗೆಂಟ್‌ನಲ್ಲಿ ನಡೆಯಿತು. ಲೋಥರ್ ಸ್ಟೈಡ್ಲರ್ ಮತ್ತು ಅವರ ಬಳಗ, ಕೇಂಬ್ರಿಜ್‌ನ ವೆಲ್ಸ್ ಅವರೊಡನೆ ಸೇರಿ, 1998ರಲ್ಲಿ ಲ್ಯಾಕ್ಟೊಕಾಕಸ್‌ಗೆ ಎರಡು ಕೆಲಸ ಕೊಟ್ಟಿತು: ಧನುರ್ವಾಯುವಿನ ತುಣುಕನ್ನು ತಯಾರಿಸುವುದು, ಜತೆಗೆ ರಕ್ಷಣಾ ಕೋಶಗಳನ್ನು ಕೆರಳಿಸುವ ಇಂಟರ್‌ಲ್ಯೂಕಿನ್-2 ಅಥವಾ ಇಂಟರ್‌ಲ್ಯೂಕಿನ್-6 ಎಂಬ ಸಂದೇಶ ಪ್ರೋಟೀನನ್ನು ಸ್ರವಿಸುವುದು. ಇಲಿಗಳ ಮೂಗಿಗೆ ಹಾಕಿದಾಗ ಪ್ರತಿಕಾಯಗಳು ಹತ್ತು ಪಟ್ಟಿಗೂ ಹೆಚ್ಚಾದವು. ಇದನ್ನು ಲಸಿಕೆಯ ಗೆಲುವೆಂದು ಓದಬಹುದು, ಹಾಗೆಯೇ ಓದಲಾಯಿತು ಕೂಡ. ಆದರೆ ಇನ್ನೊಂದು ಬಗೆಯಲ್ಲೂ ಓದಬೇಕು. ಬ್ಯಾಕ್ಟೀರಿಯಾ ಸ್ವತಃ ಕೂಗಿ ಎಚ್ಚರಿಸುವುದಿಲ್ಲವಾದ್ದರಿಂದ ಕೂಗನ್ನು ಹೊರಗಿನಿಂದ ಸೇರಿಸಬೇಕಾಯಿತು. ರೋಗಾಣು ತನ್ನ ಆಕ್ರಮಣದಿಂದಲೇ ಕೊಡುವ ಎಚ್ಚರಿಕೆಯನ್ನು ಇಲ್ಲಿ ಜೀನ್ ತಂತ್ರ ಒದಗಿಸಿತು. ಪ್ರಯೋಗ ತೋರಿಸಿದ ಎರಡನೆಯ ಸಂಗತಿ ಇನ್ನೂ ದೊಡ್ಡದು: ಹಾಲಿನ ಬ್ಯಾಕ್ಟೀರಿಯಾ ಇಲಿಯ ಸಂದೇಶ ಪ್ರೋಟೀನುಗಳನ್ನು ಸರಿಯಾದ ರೂಪದಲ್ಲಿ ತಯಾರಿಸಿ, ಬೇಕಾದ ಕಡೆಯೇ ಬಿಡಬಲ್ಲದು. ಕೆರಳಿಸುವ ಸಂದೇಶವನ್ನು ಬಿಡುವ ಜೀವಿ ಶಮನದ ಸಂದೇಶವನ್ನೂ ಬಿಡಬಲ್ಲದಲ್ಲವೇ?

2000ದಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಸ್ಟೈಡ್ಲರ್ ತಂಡದ ಪ್ರಬಂಧ ಈ ಚರಿತ್ರೆಯ ನಿಜವಾದ ತಿರುವು. ಕರುಳಿನ ಉರಿಯೂತವನ್ನು ಅಡಗಿಸುವ ಇಂಟರ್‌ಲ್ಯೂಕಿನ್-10 ಇಲ್ಲದ ಇಲಿಗಳು ತಾವಾಗಿಯೇ ಕರುಳಿನ ಉರಿಯೂತಕ್ಕೆ ಬೀಳುತ್ತವೆಂದು ಅಷ್ಟರಲ್ಲಿ ತಿಳಿದಿತ್ತು. ಅದೇ ಪ್ರೋಟೀನನ್ನು ಸ್ರವಿಸುವ ಲ್ಯಾಕ್ಟೊಕಾಕಸ್ ಕುಡಿಸಿದಾಗ ಆ ಇಲಿಗಳಲ್ಲಿ ರೋಗ ಬರಲಿಲ್ಲ. ರಾಸಾಯನಿಕದಿಂದ ಉರಿಯೂತ ತಂದ ಇಲಿಗಳಲ್ಲಿ ಅದು ಅರ್ಧಕ್ಕೆ ಇಳಿಯಿತು. ಇಂಟರ್‌ಲ್ಯೂಕಿನ್-10 ಅನ್ನು ರಕ್ತಕ್ಕೆ ಚುಚ್ಚಿದರೆ ದೇಹವಿಡೀ ಅದರ ಪರಿಣಾಮ. ಬ್ಯಾಕ್ಟೀರಿಯಾ ಅದನ್ನು ಕರುಳಿನ ಗೋಡೆಯ ಪಕ್ಕದಲ್ಲೇ, ಅಲ್ಪ ಪ್ರಮಾಣದಲ್ಲಿ ಬಿಡುತ್ತದೆ. ಇಲ್ಲಿ ವಾಹಕದ ಮೌನ ಯಾವ ಅಡ್ಡಿಯನ್ನೂ ಮಾಡಲಿಲ್ಲ. ಯಾರನ್ನೂ ಕೆರಳಿಸದೆ ಹಾದುಹೋಗುವ ಜೀವಿಯೇ ಶಮನದ ಮದ್ದನ್ನು ಒಯ್ಯಲು ತಕ್ಕದ್ದಾಗಿತ್ತು. 1911ರ ಗಿನಿಯಿಲಿಗಳು ತೋರಿಸಿದ್ದ ಸಹನೆಯನ್ನು ಒಂಬತ್ತು ದಶಕಗಳ ಬಳಿಕ ಯಾರೋ ಅಡ್ಡಿಯೆಂದು ಬೈಯದೆ ಬಳಸಿಕೊಂಡರು.

ಆದರೂ ಬದಲಾಯಿಸಿದ ಜೀನಿನ ಜೀವಿಯನ್ನು ಮನುಷ್ಯನಿಗೆ ಕುಡಿಸಬೇಕಾದರೆ ಒಂದು ಪ್ರಶ್ನೆಗೆ ಉತ್ತರ ಬೇಕಿತ್ತು: ಮಲದೊಂದಿಗೆ ಹೊರಬಿದ್ದ ಮೇಲೆ ಅದರ ಗತಿ ಏನು? ಮನುಷ್ಯನ ರಕ್ಷಣಾ ವ್ಯವಸ್ಥೆಯನ್ನು ತಣಿಸುವ ಪ್ರೋಟೀನು ಬಿಡುವ ಬ್ಯಾಕ್ಟೀರಿಯಾ ಚರಂಡಿ, ಕೆರೆಗಳಲ್ಲಿ ಹರಡುವುದನ್ನು ಯಾರೂ ಒಪ್ಪುವುದಿಲ್ಲ. 2003ರಲ್ಲಿ ಸ್ಟೈಡ್ಲರ್ ತಂಡ ಕೊಟ್ಟ ಉತ್ತರ ಈ ಇಡೀ ಕಥನದಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ಕೆಲಸ. ಡಿಎನ್‌ಎ ಕಟ್ಟಲು ಬೇಕಾದ ಥೈಮಿಡಿನ್ ತಯಾರಿಸುವ ಜೀನನ್ನು ಕಿತ್ತು, ಅದೇ ಜಾಗದಲ್ಲಿ ಇಂಟರ್‌ಲ್ಯೂಕಿನ್-10ರ ಜೀನನ್ನು ಕೂರಿಸಿದರು. ಥೈಮಿಡಿನ್ ಸಿಗದ ಬ್ಯಾಕ್ಟೀರಿಯಾ ಬೆಳವಣಿಗೆ ನಿಲ್ಲಿಸಿ ಸುಮ್ಮನಿರುವುದಿಲ್ಲ, ಬೇಗ ಸಾಯುತ್ತದೆ. ಇದನ್ನು ಸೆಮೋರ್ ಕೊಹೆನ್ ಮತ್ತು ಹೇಜಲ್ ಬಾರ್ನರ್ 1954ರಲ್ಲೇ ಕಂಡಿದ್ದರು. ಅಕಸ್ಮಾತ್ ಬೇರೊಂದು ಬ್ಯಾಕ್ಟೀರಿಯಾದಿಂದ ಆ ಜೀನನ್ನು ಮರಳಿ ಪಡೆದು ತನ್ನ ಮೂಲ ಜಾಗದಲ್ಲಿ ಕೂರಿಸಿಕೊಂಡರೆ, ಅಲ್ಲಿದ್ದ ಮನುಷ್ಯ ಜೀನು ಕಳೆದುಹೋಗುತ್ತದೆ. ಹಾಗೆ ಬದುಕಿ ಉಳಿದದ್ದು ಮತ್ತೆ ಬರಿಯ ಹಾಲಿನ ಬ್ಯಾಕ್ಟೀರಿಯಾ. ಪ್ರತಿಜೀವಕ ನಿರೋಧದ ಜೀನುಗಳನ್ನೂ ಬಳಸಲಿಲ್ಲ. ಹಂದಿಗಳಲ್ಲಿ ಪರೀಕ್ಷೆಯೂ ನಡೆಯಿತು. ಕರ್ಟಿಸ್ ಅವರ 1976ರ ಇ. ಕೋಲಿಯಲ್ಲೂ ಥೈಮಿಡಿನ್ ಅವಲಂಬನೆ ಒಂದು ಸರಪಳಿಯಾಗಿತ್ತು. ಆದರೆ ಬೀಗ ಮತ್ತು ಸರಕನ್ನು ಒಂದೇ ಕೋಣೆಯಲ್ಲಿಟ್ಟ ಜಾಣತನ ಗೆಂಟ್‌ನವರದು.

ಆಮ್‌ಸ್ಟರ್‌ಡಾಮಿನಲ್ಲಿ ಕರುಳಿನ ಉರಿಯೂತ ತರುವ ಕ್ರೋನ್ ಕಾಯಿಲೆಯ 10 ರೋಗಿಗಳಿಗೆ ಆ ಬ್ಯಾಕ್ಟೀರಿಯಾದ ಕ್ಯಾಪ್ಸೂಲುಗಳನ್ನು ಏಳು ದಿನ ಕೊಟ್ಟ ವರದಿ 2006ರಲ್ಲಿ ಬಂತು. ರೋಗಿಗಳನ್ನು ಪ್ರತ್ಯೇಕ ಕೋಣೆಗಳಲ್ಲಿ ಇರಿಸಲಾಗಿತ್ತು. ಜೀನ್ ಬದಲಿಸಿದ ಹಾಲಿನ ಬ್ಯಾಕ್ಟೀರಿಯಾವನ್ನು ಮನುಷ್ಯನಲ್ಲಿ ಚಿಕಿತ್ಸೆಗೆಂದು ಬಳಸಿದ ಮೊದಲ ಸಲ ಇದು. 8 ಮಂದಿಯಲ್ಲಿ ಲಕ್ಷಣಗಳು ತಗ್ಗಿದವು, ಮಲದಲ್ಲಿ ಸಿಕ್ಕ ಬ್ಯಾಕ್ಟೀರಿಯಾ ಥೈಮಿಡಿನ್ ಇಲ್ಲದೆ ಬೆಳೆಯಲಿಲ್ಲ. ಹುಸಿಮದ್ದಿನ ಹೋಲಿಕೆ ಇಲ್ಲದ ಸಣ್ಣ ಪ್ರಯೋಗವಾದ್ದರಿಂದ ಇದು ರೋಗದ ಮೇಲಿನ ಪರಿಣಾಮಕ್ಕೆ ಪುರಾವೆಯಲ್ಲ. ಮುಂದೆ ದೊಡ್ಡ ಕರುಳಿನ ಹುಣ್ಣಿನ ರೋಗಿಗಳಲ್ಲಿ ಹುಸಿಮದ್ದಿನೊಡನೆ ಹೋಲಿಸಿದಾಗ ಸುರಕ್ಷತೆ ಗಟ್ಟಿಯಾಗಿ ನಿಂತಿತು, ಪರಿಣಾಮ ನಿಲ್ಲಲಿಲ್ಲ. ಈ ಸೋಲನ್ನು ಮರೆಮಾಚುವ ಅಗತ್ಯವಿಲ್ಲ. ಇಂಟರ್‌ಲ್ಯೂಕಿನ್-10 ಒಂದೇ ಆ ರೋಗಕ್ಕೆ ಸಾಲದು ಎಂಬುದು ಚುಚ್ಚಿ ಕೊಟ್ಟ ಪ್ರಯೋಗಗಳಲ್ಲೂ ಕಂಡಿತ್ತು. ವಾಹಕ ಮಾತ್ರ ತನ್ನ ಪರೀಕ್ಷೆಯಲ್ಲಿ ಪಾಸಾಗಿತ್ತು.

ನನ್ನ ವಾದಕ್ಕೆ ಎದುರಾಗಿ ಮೂರು ಗಂಭೀರ ಆಕ್ಷೇಪಗಳು ಏಳುತ್ತವೆ. ಒಂದು, ಸಾಧು ಬ್ಯಾಕ್ಟೀರಿಯಾ ಲಸಿಕೆಯಾಗಿ ಗೆದ್ದ ಉದಾಹರಣೆಗಳಿವೆ. 2009ರಲ್ಲಿ ಉತ್ತರ ಕೆರೊಲಿನಾದ ಟಾಡ್ ಕ್ಲೇನ್‌ಹ್ಯಾಮರ್ ಮತ್ತು ಮನ್ಸೂರ್ ಮೊಹಮದ್‌ಜಾದೆ ಅವರ ತಂಡ ಲ್ಯಾಕ್ಟೊಬ್ಯಾಸಿಲಸ್ ಆಸಿಡೊಫಿಲಸ್‌ನಿಂದ ಇಲಿಗಳನ್ನು ಆಂತ್ರಾಕ್ಸ್‌ನಿಂದ ಉಳಿಸಿತು. ನಿಜ, ಆದರೆ ಅಲ್ಲಿ ಪ್ರತಿಜನಕಕ್ಕೆ ಒಂದು ಪೆಪ್ಟೈಡ್ ಬಾಲವನ್ನು ಕಟ್ಟಿ, ಅದು ನೇರವಾಗಿ, ರಕ್ಷಣಾ ವ್ಯವಸ್ಥೆಗೆ ಶತ್ರುವನ್ನು ತೋರಿಸಿಕೊಡುವ ಡೆಂಡ್ರೈಟಿಕ್ ಕೋಶಗಳಿಗೆ ಹೋಗಿ ಹಿಡಿದುಕೊಳ್ಳುವಂತೆ ಮಾಡಲಾಗಿತ್ತು. ಗೆಂಟ್‌ನ ಇಂಟರ್‌ಲ್ಯೂಕಿನ್‌ನಂತೆ ಇಲ್ಲಿಯೂ ಕೂಗು ಹೊರಗಿನಿಂದ ಬಂದದ್ದು. ಟೋಕಿಯೋದಲ್ಲಿ ಕೆಯ್ ಕವಾನಾ ಅವರ ತಂಡ ಪ್ಯಾಪಿಲೋಮಾ ವೈರಸ್ಸಿನ ಇ7 ಪ್ರೋಟೀನನ್ನು ಹೊತ್ತ ಲ್ಯಾಕ್ಟೊಬ್ಯಾಸಿಲಸ್ ಅನ್ನು, ಗರ್ಭಕಂಠದಲ್ಲಿ ಕ್ಯಾನ್ಸರಿಗೆ ಮುಂಚಿನ ಗಾಯವಿರುವ ಮಹಿಳೆಯರಿಗೆ ಬಾಯಿಯಿಂದ ಕೊಟ್ಟು, 2014ರಲ್ಲಿ ಗರ್ಭಕಂಠದಲ್ಲೇ ರೋಗನಿರೋಧಕ ಕೋಶಗಳನ್ನು ತೋರಿಸಿತು. ಇದು ನನ್ನ ವಾದಕ್ಕೆ ನಿಜವಾದ ಸವಾಲು, ಅದನ್ನು ಒಪ್ಪುತ್ತೇನೆ. ಆದರೆ ಇಲ್ಲಿನ ಗುರಿ, ಈಗಾಗಲೇ ಸೋಂಕು ತಗುಲಿ ದೇಹಕ್ಕೆ ಪರಿಚಯವಾದ ಪ್ರೋಟೀನು. ಏನೂ ಅರಿಯದ ಶಿಶುವಿನ ಕರುಳಿಗೆ ಹೊಸದಾಗಿ ಕಲಿಸುವುದು ಬೇರೆ ಕೆಲಸ.

ಎರಡನೆಯ ಆಕ್ಷೇಪ: ರೋಗಾಣು ವಾಹಕಗಳೂ ಮನುಷ್ಯರಲ್ಲಿ ಸೋತಿವೆಯಲ್ಲವೇ, ಹಾಗಿದ್ದಮೇಲೆ ವಾಹಕದ ಸಾಧುತನವನ್ನೇಕೆ ದೂರಬೇಕು? ದೋಷ ವಾಹಕದ್ದಲ್ಲ, ಕರುಳಿನದು ಎನ್ನುವವರ ಕೈಯಲ್ಲಿ ಬಲವಾದ ಸಾಕ್ಷ್ಯಗಳಿವೆ. ಕಾಲರಾದ ಸಿವಿಡಿ103 ಎಂಬ ಪಳಗಿಸಿದ ಜೀವಂತ ಲಸಿಕೆ ಅಮೆರಿಕದ ಸ್ವಯಂಸೇವಕರನ್ನು ಚೆನ್ನಾಗಿ ರಕ್ಷಿಸಿತು. ಇಂಡೊನೇಷ್ಯಾದ ಜಕಾರ್ತದಲ್ಲಿ 67,000ಕ್ಕೂ ಹೆಚ್ಚು ಜನರ ನಡುವೆ ಅದರ ರಕ್ಷಣೆ ಶೇ. 14 ಮಾತ್ರ. ವೆಲ್ಲೂರಿನ ಟಿ. ಜೇಕಬ್ ಜಾನ್ 1970ರ ದಶಕದಲ್ಲೇ ಪೋಲಿಯೋ ಹನಿಗೆ ಭಾರತದ ಮಕ್ಕಳು ಕಡಿಮೆ ಸ್ಪಂದಿಸುತ್ತಾರೆಂದು ಎಚ್ಚರಿಸಿದ್ದರು. ರೋಟಾವೈರಸ್ಸಿನ ಒಂದೇ ಲಸಿಕೆ ದಕ್ಷಿಣ ಆಫ್ರಿಕಾದಲ್ಲಿ ಶೇ. 77, ಮಲಾವಿಯಲ್ಲಿ ಶೇ. 49 ರಕ್ಷಣೆ ಕೊಟ್ಟಿತು. ಬಡತನದ ಕರುಳು ನಿರಂತರ ಸೋಂಕಿನಿಂದ ಬಳಲಿ ಮಂದವಾಗಿರುತ್ತದೆ ಎಂಬ ವಿವರಣೆಗೆ ಇಂದು ಸಾಕಷ್ಟು ಬೆಂಬಲವಿದೆ. ನಾನು ಇದನ್ನು ನಿರಾಕರಿಸುವುದಿಲ್ಲ; ಇದು ನನ್ನ ವಾದವನ್ನು ಇನ್ನಷ್ಟು ಬಿಗಿಗೊಳಿಸುತ್ತದೆ. ಆಕ್ರಮಣದ ಗುರುತುಳ್ಳ ವಾಹಕಕ್ಕೂ ಓಗೊಡದ ಕರುಳು, ಹುಟ್ಟಾ ಮಿತ್ರನ ಪಿಸುಮಾತಿಗೆ ಓಗೊಡುವುದು ಹೇಗೆ? ಯಾವ ಮಕ್ಕಳಿಗಾಗಿ ಈ ದಾರಿಯನ್ನು ಹುಡುಕಲಾಯಿತೋ ಅವರ ಕರುಳಿಗೇ ಅದು ಅತಿ ಕಷ್ಟದ ದಾರಿ.

ಮೂರನೆಯದು, ಬಾಯಿಯ ಲಸಿಕೆಗೆ ವಾಹಕವೇ ಬೇಕಿಲ್ಲ ಎಂಬ ಮಾತು. ಇದನ್ನು ಎತ್ತಿಹಿಡಿಯಲು ಕೋಲ್ಕತ್ತಾ ಸಾಕು. ಸತ್ತ ಕಾಲರಾ ಬ್ಯಾಕ್ಟೀರಿಯಾದ ಅಗ್ಗದ ಲಸಿಕೆಯನ್ನು ಅಲ್ಲಿನ ಕೊಳೆಗೇರಿಗಳ ಸುಮಾರು 67,000 ಜನರಲ್ಲಿ 2006ರಿಂದ ಪರೀಕ್ಷಿಸಲಾಯಿತು. ಎರಡು ಗುಟುಕುಗಳ ರಕ್ಷಣೆ ಐದು ವರ್ಷಕ್ಕೆ ಶೇ. 65. ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ಅದನ್ನು 2009ರಿಂದ ತಯಾರಿಸಿತು. ಜೀನ್ ತಂತ್ರವಿಲ್ಲ, ಜೀವಂತ ವಾಹಕವಿಲ್ಲ, ಸುಮಾರು ಬೆಸ್ರೆಡ್ಕಾ ಕಾಲದ ವಿಧಾನವೇ. ಕಾಲರಾ ಕರುಳಿನ ಮೇಲ್ಮೈಯಲ್ಲೇ ಮುಗಿಯುವ ರೋಗ, ಆ ರೋಗಾಣುವಿನ ಇಡೀ ದೇಹವೇ ಕರುಳಿಗೆ ಎಚ್ಚರಿಕೆ. ಹಾಗಾಗಿ ಅದು ನಡೆಯಿತು. ಧನುರ್ವಾಯು, ಮಲೇರಿಯಾ, ಏಡ್ಸ್‌ಗಳಲ್ಲಿ ಒಂಟಿ ಪ್ರೋಟೀನನ್ನು ಹೊಟ್ಟೆ ದಾಟಿಸಲು ವಾಹಕ ಬೇಕೇ ಬೇಕು. ಆದ್ದರಿಂದ ಕೋಲ್ಕತ್ತಾದ ಗೆಲುವು ವಾಹಕದ ಹುಡುಕಾಟವನ್ನು ಅನಗತ್ಯ ಮಾಡುವುದಿಲ್ಲ, ಅದರ ಎಲ್ಲೆಯನ್ನು ಗುರುತಿಸುತ್ತದೆ.

ಇಂದಿಗೂ ಮನುಷ್ಯರಿಗೆಂದು ಅನುಮತಿ ಪಡೆದ ಹಾಲಿನ ಬ್ಯಾಕ್ಟೀರಿಯಾದ ಲಸಿಕೆ ಒಂದೂ ಇಲ್ಲ. ಆದರೆ ಗೆಂಟ್‌ನ ಜಾಡು ಮುಂದುವರಿದಿದೆ. 2012ರಲ್ಲಿ ಬೆಲ್ಜಿಯಂನ ಲ್ಯೂವೆನ್‌ನಲ್ಲಿ ಶಾಂತಾಲ್ ಮ್ಯಾಥ್ಯೂ ಅವರ ತಂಡ, ಇನ್ಸುಲಿನ್ನಿನ ಪೂರ್ವರೂಪವನ್ನೂ ಇಂಟರ್‌ಲ್ಯೂಕಿನ್-10 ಅನ್ನೂ ಒಟ್ಟಿಗೆ ಸ್ರವಿಸುವ ಲ್ಯಾಕ್ಟೊಕಾಕಸ್ ಕುಡಿಸಿ, ಜತೆಗೆ ಟಿ-ಕೋಶಗಳೆಂಬ ರಕ್ಷಣಾ ಕೋಶಗಳನ್ನು ತಡೆಯುವ ಪ್ರತಿಕಾಯವನ್ನು ಅಲ್ಪ ಪ್ರಮಾಣದಲ್ಲಿ ಕೊಟ್ಟು, ಹೊಸದಾಗಿ ಮಧುಮೇಹ ತಗುಲಿದ ಇಲಿಗಳಲ್ಲಿ ರೋಗವನ್ನು ಹಿಮ್ಮೆಟ್ಟಿಸಿತು. ಒಂದನೆಯ ಬಗೆಯ ಮಧುಮೇಹದಲ್ಲಿ ದೇಹ ತನ್ನದೇ ಇನ್ಸುಲಿನ್ ಕೋಶಗಳನ್ನು ಶತ್ರುವೆಂದು ಕೊಲ್ಲುತ್ತದೆ. ಆ ಇನ್ಸುಲಿನ್ನನ್ನು ಊಟದ ದಾರಿಯಲ್ಲಿ, ಕರುಳು ನಂಬುವ ಜೀವಿಯ ಕೈಯಿಂದ ಕೊಟ್ಟರೆ ದೇಹ ಅದನ್ನು ಮತ್ತೆ ತನ್ನದೆಂದು ಒಪ್ಪಿಕೊಳ್ಳಬಹುದು ಎಂಬುದು ತರ್ಕ. ಅದೇ ಬಗೆಯ ಬ್ಯಾಕ್ಟೀರಿಯಾದ ಕ್ಯಾಪ್ಸೂಲನ್ನು ಈಚೆಗೆ ಮಧುಮೇಹ ಪತ್ತೆಯಾದವರಿಗೆ, ಕೆಲವರಿಗೆ ಟೆಪ್ಲಿಜುಮ್ಯಾಬ್ ಎಂಬ ಪ್ರತಿಕಾಯದ ಜತೆಗೂ, ಕೊಟ್ಟ ಸಣ್ಣ ಪ್ರಯೋಗ ಮುಗಿದಿದೆ. ಕ್ಯಾಪ್ಸೂಲು ಸುರಕ್ಷಿತವೆಂದು ಕಂಡುಬಂದಿದೆ. ಇನ್ಸುಲಿನ್ ಸ್ರವಿಸುವ ಶಕ್ತಿಯನ್ನು ಅದು ಎಷ್ಟು ಕಾಲ ಉಳಿಸಬಲ್ಲದೆಂದು ಹೇಳಲು ಇದಕ್ಕಿಂತ ದೊಡ್ಡ ಪ್ರಯೋಗ ನಡೆಯಬೇಕಿದೆ.